ಸೂರ್ಯನ ಸದ್ದು

ಒಲೆಯಿಂದ ದೂರ ಸರಿದಷ್ಟೂ ಕಾವು ತಗ್ಗಬೇಕು. ಇದು ಅಡಿಗೆಮನೆಯ ಅನುಭವ. ಸೂರ್ಯನಲ್ಲಿ ಈ ನಿಯಮ ಸ್ವಲ್ಪ ದೂರ ಮಾತ್ರ ನಡೆಯುತ್ತದೆ. ಕಣ್ಣಿಗೆ ಕಾಣುವ ಬೆಳಕಿನ ಪದರವಾದ ದ್ಯುತಿಗೋಳದ ಉಷ್ಣತೆ ಸುಮಾರು 5,800 ಕೆಲ್ವಿನ್. ಅಲ್ಲಿಂದ 500 ಕಿಲೋಮೀಟರು ಮೇಲೇರಿದರೆ ಅದು 4,400ರ ಸುಮಾರಿಗೆ ಇಳಿಯುತ್ತದೆ. ಅದರಾಚೆಯ ವರ್ಣಗೋಳದಲ್ಲಿ ಮತ್ತೆ ಏರತೊಡಗಿ 10,000ವನ್ನು ಮುಟ್ಟುತ್ತದೆ. ಹೊರಗಣ ಕರೋನದಲ್ಲಿ 10 ಲಕ್ಷವನ್ನೂ ದಾಟುತ್ತದೆ. ಈ ಕಾವನ್ನು ಅಲ್ಲಿಗೆ ಹೊತ್ತೊಯ್ಯುವವರಾರು?

ಜರ್ಮನಿಯ ಲುಡ್ವಿಗ್ ಬೀರ್‌ಮನ್ 1946ರಲ್ಲಿ, ಮಾರ್ಟಿನ್ ಶ್ವಾರ್ಟ್ಸ್‌ಶಿಲ್ಡ್ 1948ರಲ್ಲಿ ಇದಕ್ಕೊಂದು ಸೊಗಸಾದ ಉತ್ತರವನ್ನಿತ್ತರು: ಸದ್ದು. ದ್ಯುತಿಗೋಳವು ಅನ್ನದ ಹಂಡೆಯಂತೆ ಸದಾ ಕೊತಕೊತನೆ ಕುದಿಯುತ್ತಿದೆ. ಒಂದೊಂದು ಗುಳ್ಳೆಯೂ ಸುಮಾರು 1,000 ಕಿಲೋಮೀಟರು ಅಗಲ. ಆಯುಸ್ಸು 10 ನಿಮಿಷದ ಆಸುಪಾಸು. ಈ ಕುದಿತದಲ್ಲಿ ಹುಟ್ಟಿದ ಶಬ್ದತರಂಗಗಳು ಮೇಲಕ್ಕೆ ಹೊರಡುತ್ತವೆ. ಮೇಲೇರಿದಂತೆಲ್ಲ ಅನಿಲ ವಿರಳ. ಹೊತ್ತ ಶಕ್ತಿ ಅಷ್ಟೇ, ಅಲುಗಿಸಬೇಕಾದ ದ್ರವ್ಯ ಕಡಮೆ. ಆದುದರಿಂದ ಅಲೆಯ ಹೊಯ್ದಾಟ ಹೆಚ್ಚುತ್ತದೆ. ಬಾರುಕೋಲು ಬೀಸಿ ಬಲ್ಲ ರೈತನಿಗೆ ಇದು ಹೊಸದಲ್ಲ. ಹಿಡಿಯ ಬಳಿ ಮೆಲ್ಲನೆ ಹೊರಟ ಅಲೆ, ತುದಿಯ ಸಣ್ಣ ಎಳೆಯನ್ನು ಮುಟ್ಟಿದಾಗ ಛಟೀರೆನ್ನುತ್ತದೆ. ಸೂರ್ಯನಲ್ಲಿ ಅಲೆಯ ಬಿಸಿಯಾದ ನೆತ್ತಿ ಮುಂದಿರುವ ತಣ್ಣನೆಯ ತಗ್ಗನ್ನು ಬೆನ್ನಟ್ಟಿ ಹಿಡಿಯುತ್ತದೆ. ಇಳಿಜಾರು ಕಡಿದಾಗುತ್ತ ಗೋಡೆಯೇ ಆಗುತ್ತದೆ. ಅದೇ ಆಘಾತತರಂಗ. ಅದು ಹಾಯ್ದಲ್ಲಿ ಅನಿಲ ಥಟ್ಟನೆ ಒತ್ತಡಕ್ಕೆ ಸಿಕ್ಕಿ ಕಾಯುತ್ತದೆ.

ಆದರೆ ಸೊಗಸಾದ ಉತ್ತರಗಳೆಲ್ಲ ಸಾಕಾಗುವ ಉತ್ತರಗಳಲ್ಲ. 1975ರಲ್ಲಿ ಹಾರಿದ ಓ.ಎಸ್.ಓ.-8 ಉಪಗ್ರಹದ ಅಳತೆಗಳು, ಇಷ್ಟು ಸದ್ದು ಕರೋನವನ್ನು ಕಾಯಿಸಲು ಏನೇನೂ ಸಾಲದೆಂದು ತೋರಿಸಿದವು. ವಿಜ್ಞಾನಿಗಳ ದೃಷ್ಟಿ ಕಾಂತಕ್ಷೇತ್ರದತ್ತ ಹೊರಳಿತು. ಕರೋನದ್ದೇ ದೊಡ್ಡ ಹೆಸರು. ಖರ್ಚೆಲ್ಲ ವರ್ಣಗೋಳದ್ದು, ಎಂಬುದನ್ನು ಇಲ್ಲಿ ಹೇಳಲೇಬೇಕು. 1977ರ ಒಂದು ಗಣನೆಯಂತೆ, ಸೂರ್ಯನ ಶಾಂತ ಭಾಗದಲ್ಲಿ ಚದರ ಮೀಟರಿಗೆ ಕರೋನ ಬೇಡುವುದು 300 ವಾಟ್, ವರ್ಣಗೋಳ ಬೇಡುವುದು 4,000.

ಹಳೆಯ ಊಹೆ ಪೂರ್ತಿ ಸೋತಿತೇ? ಕ್ಯಾಲ್ಸಿಯಮ್ಮಿನ ನೇರಿಳೆ ಬೆಳಕಿನಲ್ಲಿ (ಕೊಡೈಕನಾಲಿನ ವೀಕ್ಷಣಾಲಯ 20ನೆಯ ಶತಮಾನದ ಆರಂಭದಿಂದ ಸೂರ್ಯನನ್ನು ಚಿತ್ರಿಸಿದ್ದು ಈ ಬೆಳಕಿನಲ್ಲಿಯೂ ಹೌದು) ವರ್ಣಗೋಳವನ್ನು ನೋಡಿದರೆ, ಕಿರುಚುಕ್ಕಿಗಳು ಸುಮಾರು 3 ನಿಮಿಷಕ್ಕೊಮ್ಮೆ ಮಿನುಗಿ ಆರುವುದು ಕಾಣುತ್ತದೆ. 1997ರಲ್ಲಿ ಕಾರ್ಲ್‌ಸನ್ ಮತ್ತು ಸ್ಟೈನ್, ದ್ಯುತಿಗೋಳದ ಅಳೆದ ಚಲನೆಯನ್ನೇ ಕಂಪ್ಯೂಟರಿಗೆ ಉಣಿಸಿ, ಈ ಮಿನುಗು ಆಘಾತತರಂಗದ್ದೇ ಎಂದು ತೋರಿಸಿಕೊಟ್ಟರು. ಇನ್ನೊಂದು ಸೋಜಿಗ: ಅವರ ಲೆಕ್ಕದಲ್ಲಿ ವರ್ಣಗೋಳದ ಅನಿಲದ ಸರಾಸರಿ ಉಷ್ಣತೆ ಏರಲೇ ಇಲ್ಲ! ಹೆಚ್ಚು ಹೊತ್ತು ತಣ್ಣಗಿದ್ದು, ಆಘಾತ ಬಡಿದ ಕ್ಷಣ ಮಾತ್ರ ಉರಿಯುವ ಅನಿಲ, ದೂರದವರ ಕಣ್ಣಿಗೆ ಸದಾ ಬಿಸಿಯಾದಂತೆ ತೋರುತ್ತಿತ್ತು. ಆದರೆ ನಿಜವಾದ ವರ್ಣಗೋಳದ ನೇರಳಾತೀತ ಬೆಳಕು ಎರಡು ಆಘಾತಗಳ ನಡುವೆಯೂ ಆರುವುದಿಲ್ಲ. ಆ ಬಿಡುವಿನಲ್ಲಿ ಅದನ್ನು ಉರಿಸುತ್ತಿರುವುದು ಯಾವುದೆಂಬ ಚರ್ಚೆ ಇನ್ನೂ ನಡೆದೇ ಇದೆ.