ಸೂಡಿಯ ಅಕ್ಕ, ಉಡುತಡಿಯ ಅಕ್ಕ

ರೋಣ ತಾಲ್ಲೂಕಿನ ಮೆಣಸಗಿಯ ಹತ್ತಿರ ಬೆಣ್ಣೆಹಳ್ಳ ಬಂದು ಮಲಪ್ರಭೆಯನ್ನು ಕೂಡಿಕೊಳ್ಳುತ್ತದೆ. ಅಲ್ಲಿಂದ ಮುಂದೆ ಹೊಳೆ ಪಟ್ಟದಕಲ್ಲು, ಐಹೊಳೆಗಳನ್ನು ಬಳಸಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಹಿರಿಯ ಹೆಂಗಸರ ಹೆಸರುಗಳನ್ನು ಕೇಳುತ್ತ ಹೋದರೆ ಬಹುಪಾಲು ಹೆಸರುಗಳ ಕೊನೆಗೆ ಅವ್ವನೋ ಅಮ್ಮನೋ ಇರುತ್ತಾಳೆ. ಕೆಲವುಗಳಲ್ಲಿ ಅಕ್ಕ ಮೊದಲಿಗೇ ಬಂದು ನಿಲ್ಲುತ್ತಾಳೆ. ಯಲ್ಲವ್ವ, ಬಸವ್ವ, ಗಂಗವ್ವ, ಅಕ್ಕಮ್ಮ, ಅಕ್ಕಮಹಾದೇವಿ. ಇಂಥ ಹೆಸರುಗಳ ಮೇಲೆ ಓದಿದವರದ್ದೊಂದು ತಕರಾರು ಹಳೆಯದು. ಇವು ಹೆಸರುಗಳಲ್ಲ, ನಂಟಿನ ಪಟ್ಟಿಗಳು. ಹೆಣ್ಣನ್ನು ಯಾರದೋ ತಾಯಿ, ಯಾರದೋ ಅಕ್ಕ ಎಂದು ಕರೆದು ಅವಳ ಸ್ವಂತದ ಗುರುತನ್ನೇ ಅಳಿಸಿಬಿಡುತ್ತವೆ ಎಂಬುದು ಆ ತಕರಾರು. ಕೇಳಲು ಸರಿಯೆನಿಸುವ ಮಾತು. ಆದರೆ ಇದೇ ಸೀಮೆಯ ಶಾಸನಗಳ ಮುಂದೆ ಅದನ್ನಿಟ್ಟು ನೋಡಿದರೆ ನಿಲ್ಲುವುದಿಲ್ಲ. ‘ಅಕ್ಕ’ ಎಂಬ ಹೆಸರು ಇಲ್ಲಿ ಹೆಣ್ಣಿನ ಗುರುತನ್ನು ಮರೆಮಾಡಿದ್ದಕ್ಕಿಂತ ಅವಳ ಅಧಿಕಾರವನ್ನು ಊರಿಗೆ ಸಾರಿದ್ದೇ ಹೆಚ್ಚು ಎಂಬುದಕ್ಕೆ ಕಲ್ಲಿನ ಮೇಲೆಯೇ ಸಾಕ್ಷಿಯಿದೆ.

ಆ ಸಾಕ್ಷಿಯ ಬಹುಭಾಗ ಇರುವುದು ಸೂಡಿಯಲ್ಲಿ. ಮೊದಲು ರೋಣ ತಾಲ್ಲೂಕಿನಲ್ಲಿದ್ದ ಈ ಊರು ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿದೆ. ನೋಡಲು ಬರುವವರು ಜೋಡು ಕಳಸದ ಗುಡಿಯನ್ನೂ ನಾಗಕುಂಡವನ್ನೂ ನೋಡಿ ಹಿಂತಿರುಗುತ್ತಾರೆ. ಅಲ್ಲಿನ ಶಾಸನಗಳ ಮುಂದೆ ನಿಲ್ಲುವವರು ಕಡಿಮೆ. ಎಲ್.ಡಿ. ಬಾರ್ನೆಟ್ ಅವರು ಈ ಶಾಸನಗಳನ್ನು ‘ಎಪಿಗ್ರಾಫಿಯಾ ಇಂಡಿಕಾ’ದ 15ನೇ ಸಂಪುಟದಲ್ಲಿ ಸಂಪಾದಿಸಿಕೊಟ್ಟರು. ಕಲ್ಯಾಣದ ಚಾಲುಕ್ಯರ ಅಕ್ಕಾದೇವಿ ಕಿಸುಕಾಡು ಎಪ್ಪತ್ತು ಎಂಬ ನಾಡನ್ನು ಆಳುತ್ತಿದ್ದ ಸಂಗತಿ ಅವುಗಳಿಂದ ತಿಳಿದುಬರುತ್ತದೆ. ಎಪ್ಪತ್ತು ಊರುಗಳ ಆ ನಾಡಿಗೆ ಕಿಸುವೊಳಲ್, ಎಂದರೆ ಇಂದಿನ ಪಟ್ಟದಕಲ್ಲು, ಮುಖ್ಯ ಪಟ್ಟಣ. ಅವಳ ಸೋದರ ಐದನೆಯ ವಿಕ್ರಮಾದಿತ್ಯನ ಕಾಲದ 1010ರ ಶಾಸನದಲ್ಲಿ ಅವಳ ಆಳ್ವಿಕೆಯ ಉಲ್ಲೇಖವಿದೆ. ಅವಳ ಇನ್ನೊಬ್ಬ ಸೋದರ ಜಯಸಿಂಹ ಪಟ್ಟಕ್ಕೆ ಬಂದು 1042ರ ಹೊತ್ತಿಗೆ ತೀರಿಕೊಂಡ. ಅವನ ಮಗ ಒಂದನೆಯ ಸೋಮೇಶ್ವರ ಪಟ್ಟವೇರಿದ ಮೇಲೂ ಅಕ್ಕಾದೇವಿಯ ಆಡಳಿತ ನಡೆದೇ ಇತ್ತು. ಅರಸಿಬೀಡಿಯ ಶಾಸನ ಅವಳನ್ನು 1047ರಲ್ಲಿ ಗೋಕಾಗೆಯ, ಅಂದರೆ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ ಬೀಡಿನಲ್ಲಿ ತೋರಿಸುತ್ತದೆ. ಆ ಬೀಡಿನಿಂದಲೇ ಅವಳು ವಿಕ್ರಮಪುರದ ಜಿನಾಲಯಕ್ಕೆ ದತ್ತಿ ಬಿಡುತ್ತಾಳೆ. ವಿಕ್ರಮಪುರವೆಂದರೆ ಅದೇ ಅರಸಿಬೀಡಿ. ‘ರಣಭೈರವಿ’ ಎಂಬ ಹೊಗಳಿಕೆ ಅವಳಿಗೆ ಸಂದದ್ದು ಬರಿಯ ಅಲಂಕಾರಕ್ಕಲ್ಲ.

ಮುತ್ತಿಗೆಗಿಂತ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು 1050ರ ಆಸುಪಾಸಿನ ಸೂಡಿಯ ಇನ್ನೊಂದು ಶಾಸನ. ಚೋಳರೊಡನೆ ನಡೆದ ಯುದ್ಧದ ಹೊಡೆತಕ್ಕೆ ಸೂಡಿಯ ವ್ಯಾಪಾರಿ ಸಮೂಹದ ಕಟ್ಟುಪಾಡುಗಳು ಸಡಿಲಗೊಂಡಿದ್ದವು. ಆಗ ಅಕ್ಕಾದೇವಿಯೂ ಏಳು ಮಂದಿ ಮಂತ್ರಿಗಳೂ ವಿಕ್ರಮಪುರದಲ್ಲಿ ಸಭೆ ಸೇರುತ್ತಾರೆ. ಸೂಡಿಯ ಎಂಟು ಮಂದಿ ಸೆಟ್ಟಿಗಳಿಗೂ ಎಂಬತ್ತು ಒಕ್ಕಲುಗಳಿಗೂ ಅವರ ಹಳೆಯ ಕಟ್ಟಳೆಯನ್ನು ಮತ್ತೆ ಊರ್ಜಿತಗೊಳಿಸಿ ಕೊಡುತ್ತಾರೆ. ಕೋಟೆ ಮುತ್ತುವುದಕ್ಕೆ ಸೈನ್ಯವಿದ್ದರೆ ಸಾಕು. ಯುದ್ಧದಲ್ಲಿ ಮುರಿದುಬಿದ್ದ ಒಂದು ಪೇಟೆಯ ಬದುಕನ್ನು ಮತ್ತೆ ಸರಿಪಡಿಸಲು ಬೇಕಾದದ್ದು ಆಡಳಿತದ ಅನುಭವ, ಜೊತೆಗೆ ಜನರ ನಂಬಿಕೆ. ಅಷ್ಟು ಹೊತ್ತಿಗೆ ಅವಳ ಬೆನ್ನಿಗೆ ನಲವತ್ತು ವರ್ಷಗಳ ಆಳ್ವಿಕೆ ಇತ್ತು. ರಾಜನ ಸೋದರಿ ಎಂಬ ಕಾರಣಕ್ಕೆ ಸಿಕ್ಕ ಪದವಿ ಎಂದು ಹೇಳುವವರು ಈ ನಲವತ್ತು ವರ್ಷಗಳಿಗೆ ಉತ್ತರ ಹೇಳಬೇಕಾಗುತ್ತದೆ. ಪದವಿ ಸಿಕ್ಕಿದ್ದು ನಂಟಿನಿಂದ ಇರಬಹುದು, ಅರಸುಮನೆತನದಲ್ಲಿ ಗಂಡಸರಿಗೂ ಅದು ಸಿಗುತ್ತಿದ್ದದ್ದು ಹಾಗೆಯೇ. ಆದರೆ ಪಟ್ಟದ ಮೇಲಿನವರು ಒಬ್ಬರಾದ ಮೇಲೊಬ್ಬರು ಬದಲಾದರೂ ಅದು ಉಳಿದುಬಂದದ್ದು ನಂಟೊಂದರಿಂದಲೇ ಅಲ್ಲ.

ಇಷ್ಟಾದರೂ ಒಂದು ಅನುಮಾನ ಉಳಿಯುತ್ತದೆ. ಅಕ್ಕ ಎಂಬುದು ಅವಳ ಹೆಸರೇ? ನಿಜ ಹೆಸರು ಬೇರೆ ಏನೋ ಇದ್ದು, ಆಸ್ಥಾನದವರು ಗೌರವಕ್ಕೆ ಅಕ್ಕ ಎಂದು ಕರೆದು, ಶಾಸನದ ಕವಿ ಅದನ್ನೇ ಕೆತ್ತಿಸಿರಬಾರದೇಕೆ? ಶಾಸನಗಳೇ ಇದಕ್ಕೆ ಎರಡು ಕಡೆಯಿಂದ ಉತ್ತರ ಕೊಡುತ್ತವೆ. ಸೋಮೇಶ್ವರನಿಗೆ ಅವಳು ಅಕ್ಕನಲ್ಲ, ಸೋದರತ್ತೆ. ನಂಟನ್ನು ಹೇಳುವುದೇ ಉದ್ದೇಶವಾಗಿದ್ದರೆ ಅವನ ಕಾಲದ ಶಾಸನಗಳಲ್ಲಿ ಅವಳು ಅತ್ತೆಯಾಗಬೇಕಿತ್ತು. ಆಗಲಿಲ್ಲ, ಅಕ್ಕಾದೇವಿಯಾಗಿಯೇ ಉಳಿದಳು. ಎರಡನೆಯದು ಗುಡಿಗಳ ಕಡೆಯಿಂದ ಬರುವ ಸಾಕ್ಷಿ. ಗುಡಿಗೆ ಕಟ್ಟಿಸಿದವರ ಹೆಸರಿನ ಮುಂದೆ ‘ಈಶ್ವರ’ ಸೇರಿಸುವುದು ಈ ನಾಡಿನ ಹಳೆಯ ವಾಡಿಕೆ. ಇಂದು ವಿರೂಪಾಕ್ಷನೆಂದು ಕರೆಯುವ ಪಟ್ಟದಕಲ್ಲಿನ ದೊಡ್ಡ ಗುಡಿ ಲೋಕಮಹಾದೇವಿ ಕಟ್ಟಿಸಿದ ಲೋಕೇಶ್ವರ. ಅದರ ಪಕ್ಕದ್ದು ತ್ರೈಲೋಕ್ಯಮಹಾದೇವಿಯ ತ್ರೈಲೋಕ್ಯೇಶ್ವರ. ಸೂಡಿಯಲ್ಲಿ ದಂಡನಾಯಕ ನಾಗದೇವನ ಹೆಸರಿನಲ್ಲಿ ನಾಗೇಶ್ವರ ನಿಂತಂತೆ ಅಕ್ಕಾದೇವಿಯ ಹೆಸರಿನಲ್ಲಿ ಅಕ್ಕೇಶ್ವರ ನಿಂತಿತು. ಬಿರುದುಗಳು ಅವಳಿಗೆ ಬೇರೆಯೇ ಇದ್ದವು, ‘ಗುಣದ ಬೆಡಂಗಿ’ ಅವುಗಳಲ್ಲೊಂದು. ಹೆಸರನ್ನೂ ಬಿರುದನ್ನೂ ಬೇರೆಬೇರೆಯಾಗಿ ಇಟ್ಟುಕೊಳ್ಳುವುದು ಶಾಸನ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು.

ನಂಟಿನ ಹೆಸರು ಹೆಣ್ಣಿಗೆ ಮಾತ್ರ ಅಂಟಿದ್ದು ಎಂಬ ಮಾತಿಗೂ ಆಧಾರ ಸಾಲದು. ಅಕ್ಕಾದೇವಿಯ ಒಡಹುಟ್ಟಿದವನೊಬ್ಬನ ಹೆಸರೇ ಅಯ್ಯಣ. ಬಸವಣ್ಣ, ಮಲ್ಲಪಯ್ಯ, ಬೊಮ್ಮಯ್ಯ ಎಂದು ಅಣ್ಣ-ಅಯ್ಯಂದಿರನ್ನು ಹೆಸರಿನೊಳಗೆ ಹೊತ್ತ ಗಂಡಸರು ಕನ್ನಡ ನಾಡಿನ ತುಂಬ ಇದ್ದರು. ಅದರಿಂದ ಬಸವಣ್ಣನವರ ಗುರುತು ಅಳಿಯಿತೆಂದು ಯಾರೂ ಹೇಳುವುದಿಲ್ಲ. ಹೆಣ್ಣುಮಕ್ಕಳ ಪಾಲಿಗೆ ಹತ್ತನೆಯ ಶತಮಾನದಲ್ಲಿ ಮೆರೆದದ್ದು ‘ಅಬ್ಬೆ’. ಆ ಶತಮಾನದ ಆರಂಭದಲ್ಲಿ ನಾಗರಖಂಡ ಎಪ್ಪತ್ತನ್ನು ಗಂಡನ ಮರಣದ ನಂತರ ಆಳಿದ ಜಕ್ಕಿಯಬ್ಬೆ, ಪಂಪನ ತಾಯಿ ಅಬ್ಬಣಬ್ಬೆ, ರನ್ನನ ತಾಯಿ ಅಬ್ಬಲಬ್ಬೆ, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದ ದಂಡನಾಯಕನ ಮನೆಯ ಅತ್ತಿಮಬ್ಬೆ. ಗದಗದ ಮಗ್ಗುಲಲ್ಲೇ ಇರುವ ಲಕ್ಕುಂಡಿಯ 1007ರ ಶಾಸನ ಅತ್ತಿಮಬ್ಬೆಯ ದಾನಗಳನ್ನು ಹಾಡಿ ಹೊಗಳುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದವಳೆಂಬ ಕೀರ್ತಿಯೂ ಅವಳದೇ. ಅಚ್ಚುಮೊಳೆ ಇಲ್ಲದ ಕಾಲದಲ್ಲಿ ಅದೊಂದು ಪ್ರಕಾಶನ ಸಂಸ್ಥೆಯ ಕೆಲಸ. 993ರಲ್ಲಿ ಅವಳ ಆಶ್ರಯದಲ್ಲಿ ಅಜಿತಪುರಾಣ ಬರೆದ ರನ್ನ ತನ್ನ ಮಗಳಿಗೆ ಇಟ್ಟ ಹೆಸರು ಅತ್ತಿಮಬ್ಬೆ, ಚಾವುಂಡರಾಯನ ನೆನಪಿಗೆ ಮಗನಿಗೆ ಇಟ್ಟದ್ದು ರಾಯ. ಕವಿಯ ಮನೆಯಲ್ಲಿ ಇಬ್ಬರು ಆಶ್ರಯದಾತರ ಹೆಸರುಗಳು ಒಂದೇ ಸಮವಾಗಿ ಬೆಳೆದವು. ‘ಅಬ್ಬೆ’ ಎಂದರೆ ತಾಯಿ ಎಂಬುದು ಆ ಮಗುವನ್ನು ಯಾರ ತಾಯಿಯನ್ನಾಗಿಯೂ ಮಾಡಲಿಲ್ಲ. ದೊಡ್ಡವಳೊಬ್ಬಳ ಹೆಸರು ಅದಕ್ಕೆ ಸಿಕ್ಕಿತು, ಅಷ್ಟೆ.

ಉಡುತಡಿಯ ಮಹಾದೇವಿಯ ವಿಷಯದಲ್ಲಿ ಆಕ್ಷೇಪ ಸ್ವಲ್ಪ ಗಟ್ಟಿಯಾಗುತ್ತದೆ. ಅಲ್ಲಿ ಅಕ್ಕ ಹುಟ್ಟಿನಿಂದ ಬಂದ ಹೆಸರಲ್ಲ, ಶರಣರು ಕೂಡಿಸಿದ್ದು. ಮನೆ ಬಿಟ್ಟು, ಉಡುಗೆ ಬಿಟ್ಟು, ಕೂದಲನ್ನೇ ಮೈಗೆ ಮರೆಮಾಡಿಕೊಂಡು ಕಲ್ಯಾಣಕ್ಕೆ ಬಂದ ಹರೆಯದ ಹೆಣ್ಣನ್ನು ಅನುಭವ ಮಂಟಪದಲ್ಲಿ ಅಲ್ಲಮ ಪ್ರಶ್ನೆಗಳಿಂದ ಒರೆಗೆ ಹಚ್ಚಿದ ಪ್ರಸಂಗವನ್ನು ಶೂನ್ಯಸಂಪಾದನೆಗಳು ವಿಸ್ತಾರವಾಗಿ ಕಟ್ಟಿಕೊಟ್ಟಿವೆ. ಇಂಥವಳನ್ನು ಅಕ್ಕ ಎಂದು ಕರೆದುಬಿಟ್ಟರೆ ಗಂಡಸರ ಸಭೆಗೆ ನಿರಾಳವಾಗುತ್ತದೆ. ಹಿಡಿತಕ್ಕೆ ಸಿಗದ ಹೆಣ್ಣನ್ನು ಕುಟುಂಬದ ಚೌಕಟ್ಟಿಗೆ ತಂದು ಕೂರಿಸುವ ಜಾಣತನ ಇದು ಎಂಬ ವಾದವಿದೆ. ಅದರಲ್ಲಿ ಸ್ವಲ್ಪ ನಿಜವಿದೆ ಎಂದೇ ನನಗನಿಸುತ್ತದೆ. ನಮ್ಮ ಬಸ್ಸುಗಳಲ್ಲಿ, ಕಚೇರಿಗಳಲ್ಲಿ ಅಕ್ಕ ಎಂಬ ಸಂಬೋಧನೆ ಎಷ್ಟೋ ಸಲ ಮಾಡುವ ಕೆಲಸವೂ ಅದೇ. ಆದರೆ ಮನೆಯ ಚೌಕಟ್ಟಿಗೆ ತರುವುದಷ್ಟೇ ಉದ್ದೇಶವಾಗಿದ್ದರೆ ಆ ವಯಸ್ಸಿನವಳಿಗೆ ಮಗಳು ಎಂಬ ಮಾತು ಸಾಕಾಗಿತ್ತು, ತಂಗಿ ಎಂದರೂ ನಡೆಯುತ್ತಿತ್ತು. ವಯಸ್ಸಿನಲ್ಲಿ ಹಿರಿಯರಾದವರು ಕಿರಿಯಳನ್ನು ಅಕ್ಕ ಎಂದು ಕರೆದರು. ನಂಟಿನ ಪದವನ್ನು ಇಲ್ಲಿ ತಲೆಕೆಳಗು ಮಾಡಿ ಬಳಸಲಾಗಿದೆ. ಬದಲಾದದ್ದು ಅವಳ ಸ್ಥಾನ. ಒರೆಗೆ ಹಚ್ಚಿದವರೇ ಅವಳನ್ನು ತಮಗಿಂತ ಮೇಲಿನವಳೆಂದು ಒಪ್ಪಿಕೊಂಡಿದ್ದರ ಗುರುತು ಅದು.

ಅರಸುಮಗಳು, ದಂಡನಾಯಕನ ಮನೆಯವಳು, ಅಪರೂಪದ ಅನುಭಾವಿ: ಇವರೆಲ್ಲ ಮೇಲಿನ ಸಾಲಿನವರು, ಹೊಲದಲ್ಲಿ ಕಳೆ ಕೀಳುವ ಬಸವ್ವನಿಗೂ ಇವರಿಗೂ ಏನು ಸಂಬಂಧ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ಸಿಗುವುದು ಹನ್ನೆರಡನೆಯ ಶತಮಾನದ ವಚನಕಾರ್ತಿಯರ ಪಟ್ಟಿಯಲ್ಲಿ. ಅಂಗಳ ಗುಡಿಸುವುದನ್ನೇ ಕಾಯಕ ಮಾಡಿಕೊಂಡವಳು ಸತ್ಯಕ್ಕ. ಬಿದ್ದ ಅಕ್ಕಿ ಆಯ್ದು ಬದುಕಿದ ಮನೆಯವಳು ಆಯ್ದಕ್ಕಿ ಲಕ್ಕಮ್ಮ. ಸೂಳೆ ಎಂಬ ವೃತ್ತಿನಾಮವನ್ನು ಮುಚ್ಚಿಡದೆ ವಚನ ಬರೆದವಳು ಸಂಕವ್ವೆ. ಅವಳ ಅಂಕಿತ ‘ನಿರ್ಲಜ್ಜೇಶ್ವರ’. ಅವಳ ಹೆಸರಿಗೂ ‘ಅವ್ವೆ’ ಉಂಟು. ಕುಲ, ಸಂಪತ್ತು, ಗಂಡನ ಪದವಿ ನೋಡಿ ಅಂಟಿಸುವ ಪ್ರತ್ಯಯವಾಗಿದ್ದರೆ ಅದು ಅವಳವರೆಗೆ ಇಳಿದು ಬರುತ್ತಿರಲಿಲ್ಲ. ಇವರ ನಡುವೆ ಬರಿಯ ಅಕ್ಕಮ್ಮ ಎಂಬ ಹೆಸರಿನವಳೂ ಒಬ್ಬಳಿದ್ದಾಳೆ. ಅವಳ ಅಂಕಿತ ‘ಆಚಾರವೆ ಪ್ರಾಣವಾದ ರಾಮೇಶ್ವರಲಿಂಗ’. ದೊರೆತಿರುವ ವಚನಗಳು 154. ಹೆಸರಿನಲ್ಲಿ ಅಕ್ಕ, ಅಮ್ಮ ಬಿಟ್ಟರೆ ಬೇರೇನೂ ಇಲ್ಲ. ಆದರೂ ವ್ರತ-ಆಚಾರಗಳ ಬಗ್ಗೆ ಅವಳಷ್ಟು ಕಟ್ಟುನಿಟ್ಟಾಗಿ, ತನ್ನದೇ ದನಿಯಲ್ಲಿ ಮಾತಾಡಿದವರು ವಚನಕಾರ್ತಿಯರಲ್ಲಿ ವಿರಳ. ನಂಟಿನ ಹೆಸರು ಗುರುತನ್ನು ನುಂಗುತ್ತದೆ ಎಂಬ ವಾದಕ್ಕೆ ಇವಳಿಗಿಂತ ನೇರವಾದ ಎದುರುತ್ತರ ನನಗೆ ಸಿಕ್ಕಿಲ್ಲ.

ಹೆಸರಿನ ರೂಢಿ ಬದಲಾಗುವುದು ಸಹಜ. ‘ಅಬ್ಬೆ’ಯ ಹೆಸರುಗಳು ಹೋಗಿ ಎಷ್ಟೋ ಶತಮಾನವಾಯಿತು, ಅತ್ತಿಮಬ್ಬೆ ಎಂಬುದನ್ನು ಇಂದು ಪ್ರಶಸ್ತಿಯ ಹೆಸರಾಗಿ ಕೇಳುತ್ತೇವೆ. ಗಂಗವ್ವನ ಮೊಮ್ಮಗಳು ಸೃಷ್ಟಿಯೋ ಐಶ್ವರ್ಯಾಳೋ ಆದರೆ ಅದರಲ್ಲಿ ಮರುಗುವಂಥದ್ದಿಲ್ಲ. ತಕರಾರು ಬೇರೆ ಕಡೆ ಇದೆ. ವಿಜಯಪುರದ ಮಹಿಳಾ ವಿಶ್ವವಿದ್ಯಾಲಯ ಅಕ್ಕಮಹಾದೇವಿಯ ಹೆಸರು ಹೊತ್ತಿದೆ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟದ ಹ್ರಸ್ವನಾಮವೂ ‘ಅಕ್ಕ’, ಸ್ವಸಹಾಯ ಸಂಘದ ಹೆಂಗಸರು ನಡೆಸುವ ಉಪಾಹಾರ ಗೃಹಗಳಿಗೆ ಸರ್ಕಾರ ಇಟ್ಟ ಹೆಸರು ‘ಅಕ್ಕ ಕೆಫೆ’. ಇವೆಲ್ಲದರ ಹಿಂದಿರುವುದು ಉಡುತಡಿಯ ಅಕ್ಕ, ಇಲ್ಲವೆ ಮನೆಯ ಅಕ್ಕ. ಸೂಡಿಯ ಅಕ್ಕನಿಗೆ ಚರಿತ್ರೆಯ ಪುಸ್ತಕಗಳಲ್ಲಿ ಸಿಗುವುದು ಸಾಮಾನ್ಯವಾಗಿ ‘ಜಯಸಿಂಹನ ಸೋದರಿ’ ಎಂಬ ಒಂದು ಸಾಲು. ಗುರುತು ಅಳಿಸುವ ಕೆಲಸ ನಡೆದಿದ್ದರೆ ಇಲ್ಲಿ ನಡೆದಿದೆ, ಮಾಡಿದ್ದು ಇತ್ತೀಚಿನ ಬರವಣಿಗೆ, ಹಳೆಯ ಹೆಸರಲ್ಲ.

ಹೆಸರು ಮತ್ತು ಅಧಿಕಾರದ ಇದೇ ಪ್ರಶ್ನೆ ಇಂದಿನ ಪಂಚಾಯಿತಿಗಳಲ್ಲೂ ಎದುರಾಗುತ್ತದೆ. ಕರ್ನಾಟಕದ 1983ರ ಕಾಯ್ದೆ ಮಂಡಲ ಪಂಚಾಯಿತಿಗಳಲ್ಲಿ ಹೆಂಗಸರಿಗೆ ಕಾಲುಭಾಗ ಸ್ಥಾನ ಕೊಟ್ಟಿತು, 1987ರಲ್ಲಿ ಅದರಂತೆ ಚುನಾವಣೆ ನಡೆಯಿತು. 1993ರ ಕಾಯ್ದೆಯಲ್ಲಿ ಅದು ಮೂರನೆಯ ಒಂದು ಭಾಗವಾಯಿತು, ಆಮೇಲೆ ಅರ್ಧಕ್ಕೇರಿತು. ಹೀಗೆ ಮಲಪ್ರಭೆಯ ದಂಡೆಯ ಊರುಗಳಲ್ಲೂ ಅವ್ವ, ಅಕ್ಕ, ಅಮ್ಮಂದಿರ ಹೆಸರುಗಳು ಪಂಚಾಯಿತಿಯ ಫಲಕಕ್ಕೆ ಏರಿದವು. ಫಲಕದಲ್ಲಿ ಅವಳು, ಕುರ್ಚಿಯಲ್ಲಿ ಅವಳ ಗಂಡ ಎಂಬ ದೂರು ರಾಜ್ಯದ ಎಲ್ಲ ಕಡೆಯೂ ಉಂಟು. ಆ ದೂರಿಗೆ ಕಾರಣ ಹುಡುಕುವವರು ಹೆಸರಿನ ಬಾಲವನ್ನು ಹಿಡಿದೆಳೆಯುವ ಬದಲು ಸಭೆ ಯಾರು ಕರೆದರು, ನಡಾವಳಿಗೆ ಯಾರು ಸಹಿ ಹಾಕಿದರು, ನಿರ್ಣಯ ಯಾರ ಬಾಯಿಂದ ಬಂತು ಎಂದು ನೋಡುವುದು ಒಳ್ಳೆಯದು. ಎಂಟು ಸೆಟ್ಟಿಗಳ, ಎಂಬತ್ತು ಒಕ್ಕಲುಗಳ ಕಟ್ಟಳೆಯನ್ನು ದಾಖಲಿಸಿದ ಸೂಡಿಯ ಶಾಸನಕಾರ ಸಭೆಯಲ್ಲಿ ಯಾರಿದ್ದರು, ಅದು ಎಲ್ಲಿ ನಡೆಯಿತು, ಯಾರಿಗೆ ಏನು ದೊರೆಯಿತು ಎಂಬಷ್ಟನ್ನೂ ಮರೆಯದೆ ಬರೆದಿದ್ದಾನೆ.