ಗಿಮ್ಲೆಟ್: ಮೂರೇ ಪದಾರ್ಥ, ಅಳತೆ ಮುಖ್ಯ

ಇವತ್ತು ಗಿಮ್ಲೆಟ್ ಬಗ್ಗೆ ಮಾತಾಡೋಣ. ಜಿನ್, ನಿಂಬೆರಸ, ಸಕ್ಕರೆ ಪಾಕ, ಅಷ್ಟೇ. ಇದರ ಬೇರು ಬ್ರಿಟಿಷ್ ಹಡಗುಗಳಲ್ಲಿದೆ. ಸ್ಕರ್ವಿ ಬರಬಾರದು ಅಂತ ನಾವಿಕರಿಗೆ ನಿಂಬೆರಸ ಕೊಡ್ತಿದ್ರು. ಮದ್ಯ ಬೆರೆಸದೆ, ಸಕ್ಕರೆಯಲ್ಲೇ ಆ ರಸ ಕೆಡದಂತೆ ಇಡೋ ವಿಧಾನಕ್ಕೆ ಲಾಕ್ಲನ್ ರೋಸ್ 1867ರಲ್ಲಿ ಪೇಟೆಂಟ್ ಪಡೆದರು. ಹಳೇ ಗಿಮ್ಲೆಟ್‌ಗೆ ಹಾಕ್ತಿದ್ದದ್ದು ಅಂಥ ಸಿಹಿ ರಸವನ್ನೇ.

ಮನೆಯಲ್ಲಿ ಲೆಕ್ಕ 3:1:1. ಅಂದ್ರೆ 60 ಎಂಎಲ್ ಜಿನ್, 20 ಎಂಎಲ್ ತಾಜಾ ನಿಂಬೆರಸ, 20 ಎಂಎಲ್ ಪಾಕ. ಪಾಕಕ್ಕೆ ಸಕ್ಕರೆ, ನೀರು ಸಮಸಮ. ಕರಗಿದ್ರೆ ಸಾಕು, ಎಳೆ ಬರಬೇಕಿಲ್ಲ. ಶೇಕರ್ ಇಲ್ವಾ? ಗಟ್ಟಿ ಮುಚ್ಚಳದ, ಅಗಲ ಬಾಯಿಯ ಸ್ಟೀಲ್ ಬಾಟಲಿ ನಡೆಯುತ್ತೆ. ಐಸ್ ತುಂಬಿ, 15 ಸೆಕೆಂಡ್ ಜೋರಾಗಿ ಅಲ್ಲಾಡಿಸಿ, ಸೋಸಿ. ಕರಗಿದ ಐಸ್ ನೀರೂ ರೆಸಿಪಿಯ ಭಾಗವೇ.

ಈಗ ಅಸಲಿ ವಿಷಯ. ಹುಳಿ, ಸಿಹಿ, ತಂಪು ಸೇರಿದಾಗ ಮದ್ಯದ ಘಾಟು ನಾಲಿಗೆಗೆ ಅಷ್ಟಾಗಿ ಗೊತ್ತಾಗಲ್ಲ. ಆದ್ರೆ 60 ಎಂಎಲ್ ಅಂದ್ರೆ ಒಂದು ಲಾರ್ಜ್ ಪೆಗ್. ನಿಂಬೆ ಪಾನಕದ ಥರ ಎರಡು ಗ್ಲಾಸ್ ಇಳಿಸಿದ್ರೆ ನಾಲ್ಕು ಸ್ಮಾಲ್ ಆಯ್ತು. ಅಂದಾಜಲ್ಲಿ ಸುರೀಬೇಡಿ. ಕೆಮ್ಮಿನ ಸಿರಪ್ ಜೊತೆ ಬರೋ ಅಳತೆ ಮುಚ್ಚಳವೂ ಸಾಕು. ಒಂದೇ ಗ್ಲಾಸ್ ಕುಡಿದಿದ್ರೂ ಗಾಡಿ ಕೀ ಮುಟ್ಟಬೇಡಿ.