ಹಳದಿ ರೋಗದ ತೋಟದಲ್ಲಿ ಹಸಿರಾಗಿ ಉಳಿದ ಅಡಿಕೆ ಮರ

ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಕಡೆಗಳಲ್ಲಿ ಅಡಿಕೆಯ ಹಳದಿ ಎಲೆ ರೋಗ ಹಲವು ತೋಟಗಳನ್ನು ಬರಿದು ಮಾಡಿದೆ. ಸೋಗೆ ತುದಿಯಿಂದ ಹಳದಿಯಾಗುತ್ತದೆ, ನಳ್ಳಿ ಉದುರುತ್ತದೆ, ಉಳಿದ ಕಾಯಿಯ ತಿರುಳು ಮೆದುವಾಗಿ ಬಣ್ಣಗೆಡುತ್ತದೆ. ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ ಇದಕ್ಕೆ ಕಾರಣ. ರಸ ಹೀರುವ ಒಂದು ಬಗೆಯ ಜಿಗಿಹುಳು ಅದನ್ನು ಮರದಿಂದ ಮರಕ್ಕೆ ಒಯ್ಯುತ್ತದೆ. ರೋಗವನ್ನು ಗುಣಪಡಿಸುವ ಔಷಧಿ ಇಲ್ಲ. ಆದರೂ ಇಂತಹ ತೋಟಗಳಲ್ಲಿ ಅಲ್ಲೊಂದು ಇಲ್ಲೊಂದು ಮರ ಹಸಿರಾಗಿಯೇ ನಿಂತು ಫಸಲು ಕೊಡುತ್ತಿರುತ್ತದೆ. ಇದು ಹೇಗೆ?

ಒಂದೇ ಗೊನೆ, ಬೇರೆ ಬೇರೆ ಗುಣ

ಅಡಿಕೆಯ ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಉದುರುತ್ತವೆ. ಹೆಣ್ಣು ಹೂಗಳು ಅನಂತರ ಅರಳುತ್ತವೆ. ಆದುದರಿಂದ ಪರಾಗ ಹೆಚ್ಚಾಗಿ ಬೇರೆ ಮರಗಳಿಂದ ಬರುತ್ತದೆ. ಒಂದೇ ಗೊನೆಯ ಬೀಜದಿಂದ ಎದ್ದ ಸಸಿಗಳಲ್ಲೂ ಹೋಲಿಕೆ ಇರುತ್ತದೆಯೇ ಹೊರತು ಎಲ್ಲವೂ ಒಂದೇ ತೆರನಾಗಿರುವುದಿಲ್ಲ. ರೋಗ ತಾಳುವ ಶಕ್ತಿಯಲ್ಲೂ ಹೀಗೆಯೇ. ರೋಗ ಬಂದ ಮೇಲೆ ಮರ ಈ ಶಕ್ತಿಯನ್ನು ಕಲಿತುಕೊಳ್ಳುವುದಿಲ್ಲ. ಹುಟ್ಟಿನಿಂದ ಇದ್ದುದನ್ನು ರೋಗ ಬೇರ್ಪಡಿಸಿ ತೋರಿಸುತ್ತದೆ, ಗೆರಸೆಯಲ್ಲಿ ಕೇರಿದಾಗ ಜೊಳ್ಳು ಹಾರಿ ಕಾಳು ಉಳಿಯುವಂತೆ.

ನಿಸರ್ಗದ ಆಯ್ಕೆ, ರೈತನ ಆಯ್ಕೆ

ತಾಳಲಾರದ ಮರದ ಸಂತತಿ ಕುಗ್ಗುತ್ತದೆ, ತಾಳಿದ ಮರದ್ದು ಹೆಚ್ಚುತ್ತದೆ. ತಲೆಮಾರುಗಳು ಕಳೆದಂತೆ ಇಡೀ ಕುಲದ ಗುಣವೇ ಬದಲಾಗುತ್ತದೆ. ಇದನ್ನೇ ಚಾರ್ಲ್ಸ್ ಡಾರ್ವಿನ್ 1859ರಲ್ಲಿ ನಿಸರ್ಗದ ಆಯ್ಕೆ ಎಂದು ವಿವರಿಸಿದರು. ರೈತ ತಾಯಿಮರವನ್ನು ಆರಿಸುವುದೂ ಇದೇ ಕ್ರಮ. ಚೀನಾದಿಂದ ತಂದ ಅಡಿಕೆಯಿಂದ ವಿಟ್ಲದಲ್ಲಿ ಆರಿಸಿದ ‘ಮಂಗಳ’ ತಳಿ 1972ರಲ್ಲಿ ಬಿಡುಗಡೆಯಾಯಿತು.

ಆದರೆ ಅಡಿಕೆ ಸಸಿ ಫಲ ಕೊಡಲು 5-6 ವರ್ಷ ಬೇಕು. ರೋಗಾಣುವಾದರೋ ಬಹುಬೇಗ ವೃದ್ಧಿಯಾಗುತ್ತದೆ. ನಿಸರ್ಗವೇ ಆರಿಸಲಿ ಎಂದು ಕಾದರೆ ಸಂಸಾರ ಸಾಗದು.

ಬೀಜ ಆರಿಸುವಾಗ ಎಚ್ಚರ

ಹಸಿರಾಗಿರುವ ಮರವೆಲ್ಲ ರೋಗ ತಾಳುವ ಮರವಲ್ಲ. ಕೆಲವಕ್ಕೆ ರೋಗ ಇನ್ನೂ ತಗಲಿರುವುದಿಲ್ಲ. ಸುತ್ತಲೂ ರೋಗವಿದ್ದು ಹಲವು ವರ್ಷ ಆರೋಗ್ಯವಾಗಿ ಉಳಿದಿದ್ದರೆ ಮಾತ್ರ ಅದನ್ನು ಗಮನಿಸಬೇಕು. ಅಂತಹ ಮರದ ಬೀಜಕ್ಕೂ ದುರ್ಬಲ ಮರದ ಪರಾಗ ಸೇರಿರಬಹುದು. ಈ ಕಾರಣದಿಂದಲೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಆರಿಸಿದ ಮರಗಳ ಎಳೆ ಹಿಂಗಾರದಿಂದ ಅಂಗಾಂಶ ಕೃಷಿಯಲ್ಲಿ ಸಸಿ ಬೆಳೆಸುವ ವಿಧಾನವನ್ನು ರೂಪಿಸಿದ್ದಾರೆ. ಇಂತಹ ಸಸಿ ತಾಯಿಮರದ ಗುಣವನ್ನೇ ಪಡೆದಿರುತ್ತದೆ.

ಹಾಗೆಂದು ತೋಟಕ್ಕೆಲ್ಲ ಒಂದೇ ಮರದ ಸಸಿ ನೆಡುವುದು ಜಾಣತನವಲ್ಲ. ನಾಳೆ ಬೇರೊಂದು ರೋಗ ಬಂದರೆ ಎಲ್ಲವೂ ಒಟ್ಟಿಗೆ ಬಿದ್ದಾವು.

ರೋಗದ ತೋಟದಲ್ಲಿ ಹಸಿರಾಗಿ ಉಳಿದ ಮರವನ್ನು ಕಡಿಯದೆ ಗುರುತು ಹಾಕಿ ವಿಜ್ಞಾನಿಗಳಿಗೆ ತಿಳಿಸುವುದು ಒಳ್ಳೆಯದು. ಪುತ್ತೂರು, ಕಡಬದ ಬೆಳೆಗಾರರು ರೋಗವಿರುವ ಊರುಗಳಿಂದ ಸಸಿ ತರಬಾರದು.